ಹಾರಲು ಗೊತ್ತು, ಇಳಿಯಲು ಗೊತ್ತಿದೆಯೇ?

ಮಳೆ ನಿಂತು ಗದ್ದೆ, ಮೈದಾನ ಒಣಗಿತೆಂದರೆ ನಮ್ಮ ಕರಾವಳಿಯಲ್ಲಿ ಹೊನಲು ಬೆಳಕಿನ ಪಂದ್ಯಾಟಗಳು ಶುರು. ಒಂದು ಊರಲ್ಲಿ ಕಬಡ್ಡಿ, ಪಕ್ಕದ ಊರಲ್ಲಿ ವಾಲಿಬಾಲ್, ಇನ್ನೊಂದು ಕಡೆ ಅಂಡರ್ ಆರ್ಮ್ ಕ್ರಿಕೆಟ್. ಕಳೆದ ವರ್ಷ ಅಂಥದ್ದೇ ಒಂದು ವಾಲಿಬಾಲ್ ಪಂದ್ಯಾಟ ನೋಡಲು ನಾವೂ ಹೋಗಿದ್ದೆವು. ರಾತ್ರಿ ಎರಡು ಗಂಟೆ ದಾಟಿತ್ತು. ನಮ್ಮ ಮದ್ರಸದಲ್ಲೇ ಕಲಿತ ಹುಡುಗನೊಬ್ಬ ಸ್ಮ್ಯಾಶ್ ಹೊಡೆಯಲು ಹಾರಿದ. ಹೊಡೆತ ಚೆನ್ನಾಗಿಯೇ ಬಿತ್ತು. ಆದರೆ ಇಳಿಯುವಾಗ ಒಂದೇ ಕಾಲು ನೆಲಕ್ಕೆ ತಾಗಿತು, ಮೊಣಕಾಲು ಒಳಗಡೆಗೆ ವಾಲಿತು. ಯಾರೂ ಅವನನ್ನು ಮುಟ್ಟಿರಲಿಲ್ಲ. "ಒಳಗೆ ಟಪ್ ಅಂತ ಶಬ್ದ ಆಯ್ತು ಉಸ್ತಾದ್" ಎಂದ.

ಸುತ್ತ ನಿಂತ ನಾವು ಎಂತ ಮಾಡಿದೆವು? ಒಬ್ಬರು ಕಾಲು ಹಿಡಿದು ಎಳೆದರು, ಇನ್ನೊಬ್ಬರು ಮುಲಾಮು ತಂದು ತಿಕ್ಕಿದರು. "ಏನೂ ಆಗಿಲ್ಲ ಮೋನೆ, ಉಳುಕಿದ್ದಷ್ಟೆ" ಎಂದು ಹೇಳಿದ್ದು ನಾವೇ. ಬೆಳಗಾಗುವಾಗ ಮೊಣಕಾಲು ಊದಿಕೊಂಡಿತ್ತು. ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ ಎಂದು ಗೊತ್ತಾದಾಗ ಎಲ್ಲರಿಗೂ ಸಮಾಧಾನ. ಎರಡು ತಿಂಗಳು ಎಣ್ಣೆ ತಿಕ್ಕುವುದರಲ್ಲೇ ಹೋಯಿತು. ಮೆಟ್ಟಿಲು ಇಳಿಯುವಾಗ ಕಾಲು ತಪ್ಪಿದ ಹಾಗೆ ಆಗುವುದು ನಿಲ್ಲದಿದ್ದಾಗ ಎಂಆರ್‌ಐ ಮಾಡಿಸಿದರು. ಮೂಳೆಗೆ ಏನೂ ಆಗಿರಲಿಲ್ಲ. ಹರಿದದ್ದು ಎಸಿಎಲ್ ಎಂಬ ಲಿಗಮೆಂಟ್. ಗಲ್ಫಿಗೆ ಹೋಗಲು ತಯಾರಾಗಿದ್ದ ಹುಡುಗ ಆಪರೇಷನ್‌ಗೆ ಹಣ ಹೊಂದಿಸಬೇಕಾಯಿತು.

ಆ ಮೇಲೆ ನಾವು ಡಾಕ್ಟರರಲ್ಲಿ ಕೇಳಿ, ಪುಸ್ತಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ದೊಡ್ಡವರ ದೇಹದಲ್ಲಿ ಸಾಮಾನ್ಯವಾಗಿ 206 ಮೂಳೆಗಳು, 600ಕ್ಕೂ ಹೆಚ್ಚು ಸ್ನಾಯುಗಳು ಇವೆ. ಮೂಳೆ ತಾನಾಗಿ ಅಲುಗಾಡುವುದಿಲ್ಲ. ಅದನ್ನು ಎಳೆಯುವುದು ಸ್ನಾಯು. ಎರಡು ಮೂಳೆಗಳು ಸೇರುವ ಜಾಗ ಕೀಲು, ಅಂದರೆ ಗಂಟು. ಸ್ನಾಯುವನ್ನು ಮೂಳೆಗೆ ಕಟ್ಟುವುದು ಟೆಂಡನ್, ಮೂಳೆಯನ್ನು ಮೂಳೆಗೆ ಕಟ್ಟುವುದು ಲಿಗಮೆಂಟ್. ಇಲ್ಲೊಂದು ಮುಖ್ಯ ಸಂಗತಿ ಉಂಟು. ಸ್ನಾಯುವಿಗೆ ಎಳೆಯಲು ಮಾತ್ರ ಗೊತ್ತು, ದೂಡಲು ಗೊತ್ತಿಲ್ಲ. ಅದಕ್ಕೇ ಅವು ಜೋಡಿಯಾಗಿ ಕೆಲಸ ಮಾಡುತ್ತವೆ. ತೊಡೆಯ ಮುಂದಿನ ಸ್ನಾಯು ಎಳೆದರೆ ಮೊಣಕಾಲು ನೆಟ್ಟಗಾಗುತ್ತದೆ, ಹಿಂದಿನದು ಎಳೆದರೆ ಮಡಚುತ್ತದೆ.

ಮೊಣಕಾಲ ಚಿಪ್ಪು ಯಾಕಿದೆ ಎಂದು ನಾವು ಯೋಚಿಸಿದ್ದೇ ಇಲ್ಲ. ಬಾವಿಯ ರಾಟೆ ನೆನಪು ಮಾಡಿಕೊಳ್ಳಿ. ಹಗ್ಗ ರಾಟೆಯ ಮೇಲೆ ಹಾದು ಹೋದರೆ ಕೊಡ ಎಳೆಯುವುದು ಸುಲಭ. ತೊಡೆಯ ಮುಂದಿನ ಸ್ನಾಯುವಿನ ಹಗ್ಗಕ್ಕೆ ಚಿಪ್ಪು ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತದೆ.

ವಾಲಿಬಾಲ್‌ನಲ್ಲಿ ಗಂಡಸರ ನೆಟ್‌ನ ಎತ್ತರ 2.43 ಮೀಟರ್. ಅದರ ಮೇಲಿಂದ ಹೊಡೆಯಬೇಕಾದರೆ ಮೊದಲು ಸೊಂಟ, ಮೊಣಕಾಲು, ಪಾದದ ಗಂಟು ಮೂರೂ ಮಡಚಬೇಕು. ಆಮೇಲೆ ಮೂರೂ ಒಟ್ಟಿಗೆ ನೆಟ್ಟಗಾಗಬೇಕು. ಕುಂಡೆ, ತೊಡೆ, ಮೀನಖಂಡದ ಸ್ನಾಯುಗಳು ಒಂದರ ಹಿಂದೆ ಒಂದು ಎಳೆಯುತ್ತವೆ. ಕಾಲಿನಿಂದ ಹೊರಟ ಶಕ್ತಿ ಸೊಂಟ, ಬೆನ್ನು, ಭುಜ, ಮಣಿಕಟ್ಟಿನ ದಾರಿಯಲ್ಲಿ ಚೆಂಡಿಗೆ ಹೋಗುತ್ತದೆ. ಬರೀ ಕೈಯ ಬಲದಿಂದ ಹೊಡೆಯುವವನ ಭುಜ ಬೇಗ ನೋಯುವುದು ಇದಕ್ಕೇ.

ಹಾರುವುದನ್ನು ನಮ್ಮ ಹುಡುಗರು ನೋಡಿ ನೋಡಿಯೇ ಕಲಿಯುತ್ತಾರೆ. ಇಳಿಯುವುದನ್ನು ಯಾರೂ ಕಲಿಸುವುದಿಲ್ಲ. ಇಳಿಯುವಾಗ ಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಮೊಣಕಾಲು ಮಡಚಿ ಇಳಿದರೆ ಆ ಭಾರವನ್ನು ತೊಡೆ, ಕುಂಡೆಯ ಸ್ನಾಯುಗಳು ಬೈಕಿನ ಶಾಕ್ ಅಬ್ಸಾರ್ಬರ್ ಹಾಗೆ ತಡೆದುಕೊಳ್ಳುತ್ತವೆ. ನೆಟ್ಟಗೆ ಇಳಿದರೆ ಭಾರ ಗಂಟಿನ ಮೇಲೆ ಬೀಳುತ್ತದೆ. ಮೊಣಕಾಲು ಒಳಕ್ಕೆ ವಾಲಿ ತಿರುಚಿದರೆ ಎಸಿಎಲ್ ಹರಿಯಬಹುದು. ಹೆಚ್ಚಿನ ಎಸಿಎಲ್ ಗಾಯಗಳು ಯಾರೂ ಡಿಕ್ಕಿ ಹೊಡೆಯದೆ, ಇಳಿಯುವಾಗ ಅಥವಾ ಥಟ್ಟನೆ ದಿಕ್ಕು ಬದಲಿಸುವಾಗ ಆಗುತ್ತವೆ. ರಾತ್ರಿ ಎರಡು ಗಂಟೆಗೆ, ನಾಲ್ಕನೇ ಮ್ಯಾಚಿನಲ್ಲಿ, ದಣಿದ ಸ್ನಾಯು ಗಂಟನ್ನು ಹೇಗೆ ಕಾಪಾಡೀತು?

ಇದನ್ನು ತಪ್ಪಿಸಲು ಸಾಧ್ಯವಿದೆ. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್ಬಾಲ್ ಆಟಗಾರ್ತಿಯರಿಗೆ ಸುಮಾರು 20 ನಿಮಿಷದ ವಾರ್ಮ್ ಅಪ್ ಕಲಿಸಿ ನೋಡಿದರು. ಓಟ, ತೊಡೆಯ ಬಲ, ಸಮತೋಲನ, ಸರಿಯಾಗಿ ಇಳಿಯುವ ಅಭ್ಯಾಸ ಅದರಲ್ಲಿತ್ತು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಇದಕ್ಕೆ ದೊಡ್ಡ ಜಿಮ್ ಬೇಕಿಲ್ಲ, ಅಂಗಳ ಸಾಕು.

ಪೆಟ್ಟಾದರೆ ಕೂಡಲೇ ಆಟ ನಿಲ್ಲಿಸಿ. ಎಳೆಯಬೇಡಿ, ತಿಕ್ಕಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲನ್ನು ಎತ್ತರದಲ್ಲಿಡಿ. ಟಪ್ ಎಂದು ಶಬ್ದ ಬಂದು ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಮೂಳೆ ಡಾಕ್ಟರರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ, "ಎಕ್ಸ್‌ರೇ ಸರಿ ಉಂಟು" ಎಂದರೆ ಎಲ್ಲವೂ ಸರಿ ಎಂದಲ್ಲ.

ಉಮ್ಮಂದಿರಿಗೊಂದು ಮಾತು. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೆತ್ತಗಿನ ಭಾಗ ಇರುತ್ತದೆ. ಆಡಿ ಬಂದ ಮಗ ವಾರಗಟ್ಟಲೆ ಮೊಣಕಾಲ ಕೆಳಗೆ ನೋವು ಎಂದರೆ "ಆಟ ಹೆಚ್ಚಾಯ್ತು" ಎಂದು ಬೈದು ಬಿಡಬೇಡಿ, ತೋರಿಸಿ.

ಪಂದ್ಯಾಟದ ಸಂಘಟಕರಲ್ಲೂ ವಿನಂತಿ. ಟ್ರೋಫಿ, ಲೈಟು, ಮೈಕಿಗೆ ಖರ್ಚು ಮಾಡುವಾಗ ಒಂದು ಪೆಟ್ಟಿಗೆ ಐಸ್ ಇಡಿ. ಮ್ಯಾಚಿಗೆ ಮೊದಲು ವಾರ್ಮ್ ಅಪ್‌ಗೆ ಸಮಯ ಕೊಡಿ. ತಂಡಗಳ ಸಂಖ್ಯೆ ಕಡಿಮೆ ಮಾಡಿ, ಬೆಳಗಿನ ಜಾವದವರೆಗೆ ಎಳೆಯಬೇಡಿ.

ದೇಹದ ಪ್ರತಿ ಗಂಟಿನ ಮೇಲೂ ದಿನಾ ಒಂದು ಸದಕಾದ ಹೊಣೆ ಇದೆಯೆಂದು ಮಕ್ಕಳಿಗೆ ಕಲಿಸುವವರು ನಾವು. ಆದರೆ ಆ ರಾತ್ರಿ ಒಂದು ಗಂಟನ್ನು ಹೇಗೆ ನೋಡಿಕೊಳ್ಳಬೇಕು ಎಂದು ನಮಗೆ ತಿಳಿದಿರಲಿಲ್ಲ.

ಹುಡುಗನಿಗೆ ಆಪರೇಷನ್ ಆಗಿದೆ. ಇಂಥ ಆಪರೇಷನ್ ಆದರೆ ಮತ್ತೆ ಆಡಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ನಮಾಝಿಗೆ ಅವನು ಈಗಲೂ ಕುರ್ಚಿಯಲ್ಲೇ ಕೂರುತ್ತಾನೆ. ಸಂಜೆ ಮೈದಾನದ ಬದಿಯಲ್ಲಿ ನಿಂತು ಸಣ್ಣ ಮಕ್ಕಳನ್ನು ಕಟ್ಟೆಯಿಂದ ಹಾರಿಸುತ್ತಾನೆ. "ಎರಡೂ ಕಾಲು, ಮೊಣಕಾಲು ಮಡಚಿ. ಇಳಿದ ಶಬ್ದ ನನಗೆ ಕೇಳಬಾರದು" ಎನ್ನುತ್ತಾನೆ.