ಮಧ್ಯಾಹ್ನ ಎರಡರ ಹ್ಯಾಂಡೋವರ್

ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆ, ಮಹಿಳಾ ವಾರ್ಡು. ಬೆಳಿಗ್ಗೆ ಎಂಟಕ್ಕೆ ಬಂದ ಸಿಸ್ಟರ್ ಹೊರಡುವ ಹೊತ್ತು. ರಾತ್ರಿ ಎಂಟರವರೆಗೆ ಇರುವವರು ಆಗಲೇ ಬಂದಿದ್ದಾರೆ. ಎಷ್ಟೋ ಕಡೆ ಪಾಳಿ ಬದಲಾವಣೆ ಎಂದರೆ ಮೇಜಿನ ಬಳಿ ರಿಪೋರ್ಟ್ ಪುಸ್ತಕ ಓದಿ, ಸಹಿ ಹಾಕಿ, ಔಷಧದ ಕಪಾಟಿನ ಕೀಲಿ ಕೊಟ್ಟರೆ ಮುಗಿಯಿತು. ಇಲ್ಲಿ ಇಬ್ಬರೂ ಕೇಸ್ ಶೀಟ್ ಹಿಡಿದು ಮಂಚದಿಂದ ಮಂಚಕ್ಕೆ ನಡೆಯುತ್ತಾರೆ. ಅವರ ಹಿಂದೆ ನಾನೂ ಹೊರಟೆ.

ಮಾತಿಗಿಂತ ನೋಡುವುದೇ ಹೆಚ್ಚು. ಬಂದವರು ರೋಗಿಯ ಕೈ ಎತ್ತಿ, ಕ್ಯಾನುಲಾ ಹಾಕಿದ ಜಾಗ ಕೆಂಪಾಗಿದೆಯೇ, ಬಾತಿದೆಯೇ ಎಂದು ಮೆಲ್ಲಗೆ ಒತ್ತಿ ನೋಡುತ್ತಾರೆ. ಡ್ರಿಪ್ ಎಷ್ಟು ಉಳಿದಿದೆ, ಮೂತ್ರದ ಚೀಲದಲ್ಲಿ ಎಷ್ಟಿದೆ, ಆಕ್ಸಿಜನ್ ಎಷ್ಟು ಲೀಟರಿಗೆ ಇಟ್ಟಿದೆ ಎಲ್ಲವನ್ನೂ ಬರಹದ ಜೊತೆ ತಾಳೆ ಹಾಕುತ್ತಾರೆ.

ಸಕ್ಕರೆ ಕಾಯಿಲೆಯ ಅಜ್ಜಿಯ ಮಂಚ ಬಂತು. "ಊಟಕ್ಕೆ ಮುಂಚೆ ಇನ್ಸುಲಿನ್ ಕೊಟ್ಟೀನಿ, ಊಟ ಆಗೇದ," ಎಂದರು ಹೊರಡುವವರು.

ಅಜ್ಜಿ ಕತ್ತೆತ್ತಿದರು. "ಎಲ್ಲಿ ಊಟ ತಂಗಿ! ಎರಡು ತುತ್ತು ಉಂಡೆ, ಹೊಟ್ಟಿ ತೊಳಸಿದಂಗಾತು, ಬಿಟ್ಟೆ."

ಕೂಡಲೇ ಗ್ಲೂಕೋಮೀಟರ್ ಬಂತು. 64. ಎಪ್ಪತ್ತಕ್ಕಿಂತ ಇಳಿದರೆ ತಡಮಾಡುವಂತಿಲ್ಲ. ಗ್ಲೂಕೋಸ್ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಲು ಗುರುತು ಹಾಕಿಕೊಂಡು, ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರು. ಮೇಜಿನ ಬಳಿ ಇದೇ ಮಾತು ನಡೆದಿದ್ದರೆ "ಊಟ ಆಗೇದ" ಎಂಬುದೇ ಉಳಿಯುತ್ತಿತ್ತು.

ಹ್ಯಾಂಡೋವರಿಗೆ ಒಂದು ಸಿದ್ಧ ಕ್ರಮವಿದೆ, ಎಸ್‌ಬಿಎಆರ್: ಈಗಿನ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಮುಂದೇನು ಮಾಡಬೇಕು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದದ್ದು. ಕ್ರಮ ಒಳ್ಳೆಯದೇ. ಆದರೆ ನಾಲ್ಕನ್ನೂ ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸಿದ್ದರೆ ಅಜ್ಜಿಗೆ ತಿದ್ದಲು ಏನು ಸಿಗುತ್ತಿತ್ತು? ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳದಿದ್ದರೆ ಮಂಚದವರೆಗೆ ನಡೆದು ಬಂದದ್ದರಿಂದ ಅರ್ಧ ಲಾಭವೂ ಇಲ್ಲ ಎಂದೇ ನನಗನ್ನಿಸಿತು.

ಹಾಗೆಂದು ಎಲ್ಲವನ್ನೂ ಗಟ್ಟಿಯಾಗಿ ಹೇಳುವಂತಿಲ್ಲ. ಕಿಟಕಿ ಪಕ್ಕದ ಹುಡುಗಿಯ ಬಳಿ ದನಿ ನಿಂತಿತು. ಒಬ್ಬರು ಕೇಸ್ ಶೀಟಿನ ಒಂದು ಸಾಲಿನ ಮೇಲೆ ಬೆರಳಿಟ್ಟರು, ಇನ್ನೊಬ್ಬರು ಓದಿ ತಲೆಯಾಡಿಸಿದರು. ಪಕ್ಕದ ಮಂಚದವರ ನೆಂಟರೆಲ್ಲ ಕಿವಿ ನೆಟ್ಟಿದ್ದರು.

ಕೊನೆಯ ಮಂಚಗಳಿಗೆ ಬರುವಾಗ ಎರಡೂವರೆ ದಾಟಿತ್ತು. ಹೊರಡುವವರ ಕಣ್ಣು ಗಡಿಯಾರದ ಮೇಲೆ. ಊರಿನ ಬಸ್ಸು, ಶಾಲೆಯಿಂದ ಬರುವ ಮಗು. ವಿವರಣೆ ಮೊಟಕಾಯಿತು. ಅದು ಅವರ ತಪ್ಪಲ್ಲ. ಒಂದು ಪಾಳಿ ಎರಡಕ್ಕೆ ಮುಗಿದು ಇನ್ನೊಂದು ಎರಡಕ್ಕೇ ಶುರುವಾದರೆ, ಈ ಅರ್ಧ ಗಂಟೆ ಯಾರ ಡ್ಯೂಟಿಯ ಲೆಕ್ಕಕ್ಕೆ? ಹ್ಯಾಂಡೋವರಿಗೆ ಸಾಕಷ್ಟು ಸಮಯ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಡ್ಯೂಟಿ ಪಟ್ಟಿ ಬರೆಯುವವರು ಬರುವವರ ಪಾಳಿಯನ್ನು ಒಂದೂವರೆಗೇ ಆರಂಭಿಸಿ, ಆ ಅರ್ಧ ಗಂಟೆಯನ್ನೂ ಕೆಲಸವೆಂದು ಎಣಿಸಬೇಕು.