ಬಿದ್ದ ಪೆಟ್ಟನ್ನು ಮುಚ್ಚಿಡಬಾರದು

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ನಮ್ಮ ನಾಡಿನಲ್ಲಿ ಬಹು ಹಳೆಯದು. ಬಿದ್ದವನು ಬಿದ್ದೆನೆಂದು ಒಪ್ಪಿಕೊಳ್ಳಲಾರದೆ, ಮೈಯ ಧೂಳನ್ನು ಕೊಡವಿಕೊಂಡು ಏನೂ ಆಗದವನಂತೆ ನಡೆದುಬಿಡುವ ಮನುಷ್ಯಸ್ವಭಾವವನ್ನು ಹಿರಿಯರು ಇಷ್ಟು ಸಣ್ಣ ಮಾತಿನಲ್ಲಿ ಹಿಡಿದಿಟ್ಟಿದ್ದಾರೆ. ಗರಡಿಯಲ್ಲಿ ಇದು ನಗೆಗೆ ಕಾರಣವಾದರೆ ಆಗಲಿ. ಕುದುರೆಯ ಲಾಯದಲ್ಲಿ ಮಾತ್ರ ಇದು ಪ್ರಾಣಕ್ಕೆ ಎರವಾಗಬಲ್ಲದು. ಈ ಮಾತನ್ನು ನಾವು ಶಾಸ್ತ್ರವನ್ನು ಓದಿ ಹೇಳುತ್ತಿಲ್ಲ, ಕಣ್ಣಾರೆ ಕಂಡು ಹೇಳುತ್ತಿದ್ದೇವೆ.

ಜಾತ್ರೆ, ಉತ್ಸವ, ಮದುವೆಯ ಮೆರವಣಿಗೆಗಳ ಕಾಲ ಬಂದಿತೆಂದರೆ ಊರೂರುಗಳಲ್ಲಿ ಕುದುರೆಗಳು ಕಾಣಿಸಿಕೊಳ್ಳುತ್ತವೆ. ನಗರಗಳಲ್ಲಿ ಮಕ್ಕಳನ್ನು ಸವಾರಿಯ ಶಾಲೆಗೆ ಕಳುಹಿಸುವ ಕುಟುಂಬಗಳೂ ನಮ್ಮ ಸಮಾಜದಲ್ಲಿ ಇವೆ. ಸಂತೋಷವೇ ಸರಿ. ಆದರೆ ಸಣ್ಣಪುಟ್ಟ ಅವಘಡಗಳು ಸಂಭವಿಸಿದಾಗ ಏನು ಮಾಡಬೇಕೆಂಬುದನ್ನು ತಿಳಿದವರು ವಿರಳ. ಆ ಕಾರಣದಿಂದ ಈ ಬರಹ.

ನಮ್ಮ ಪರಂಪರೆಯಲ್ಲಿ ಅಶ್ವ

ಕುದುರೆಯು ನಮಗೆ ಹೊಸದಲ್ಲ. ಅಣ್ಣ ಬಸವಣ್ಣನವರ ಪ್ರತಿಮೆಯನ್ನು ಅನೇಕ ಊರುಗಳ ವೃತ್ತಗಳಲ್ಲಿ ಕುದುರೆಯೇರಿದ ಭಂಗಿಯಲ್ಲಿಯೇ ನಿಲ್ಲಿಸಿದ್ದೇವೆ. ಕಿತ್ತೂರಿನ ವೀರರಾಣಿ ಚೆನ್ನಮ್ಮಾಜಿಯನ್ನು ನೆನೆದೊಡನೆ ಕಣ್ಣಮುಂದೆ ಬರುವುದೂ ಅಶ್ವಾರೂಢ ಮೂರ್ತಿಯೇ. ಶರಣರು ನಡೆದಾಡಿದ ಕಲ್ಯಾಣದಲ್ಲಿ, ಅವರಿಗೆ ಕೆಲವೇ ದಶಕಗಳ ಹಿಂದೆ, 1129ರ ಸುಮಾರಿಗೆ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ, ಪಾಲನೆ, ಸವಾರಿಯ ವಿನೋದಗಳ ವಿವರಗಳಿವೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕೆಳದಿಯ ಬಸವಪ್ಪನಾಯಕನು ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶದಲ್ಲಿಯೂ ಅಶ್ವಶಾಸ್ತ್ರಕ್ಕೆ ಸ್ಥಾನವುಂಟು. ವೀರಶೈವ ದೊರೆಯೊಬ್ಬನು ಶಿವತತ್ತ್ವದ ಜೊತೆಯಲ್ಲಿಯೇ ಕುದುರೆಯ ವಿಷಯವನ್ನೂ ಬರೆದನೆಂಬುದು ನಾವು ಗಮನಿಸಬೇಕಾದ ಸಂಗತಿ. ಪ್ರಾಣಿಯೊಡನೆ ಬಾಳುವವನಿಗೆ ಅದರ ಅರಿವೂ ಇರಬೇಕೆಂಬುದೇ ಇದರ ಅಭಿಪ್ರಾಯ.

ಮರೆಯಲಾಗದ ಒಂದು ಪ್ರಸಂಗ

1972ರ ಸುಮಾರು. ನಾವು ಉತ್ತರ ಕರ್ನಾಟಕದ ಒಂದು ಮಠದಲ್ಲಿ ಸಂಸ್ಕೃತ ಪಾಠಕ್ಕಿದ್ದ ಬಾಲಕರು. ಅಡ್ಡಪಲ್ಲಕ್ಕಿ ಉತ್ಸವದಲ್ಲಿ ಮುಂದೆ ನಡೆಯಲೆಂದು ಭಕ್ತರೊಬ್ಬರು ಒಪ್ಪಿಸಿದ ಕಂದುಬಣ್ಣದ ಕುದುರೆಯೊಂದು ಮಠದಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ವೃದ್ಧರನ್ನು ನಾವೆಲ್ಲ ‘ಕಾಕಾ’ ಎಂದು ಕರೆಯುತ್ತಿದ್ದೆವು. ವಿದ್ಯಾರ್ಥಿಗಳು ಲಾಯದೊಳಗೆ ಕಾಲಿಡಕೂಡದೆಂಬ ಕಟ್ಟಪ್ಪಣೆಯಿತ್ತು. ಮೀರಿದವರನ್ನು ಊರಿಗೆ ಕಳುಹಿಸುವುದಾಗಿ ಹೇಳಿದ್ದರು.

ನಮಗಿಂತ ಎರಡು ವರ್ಷ ಹಿರಿಯನಾದ ಸಹಪಾಠಿಯೊಬ್ಬನಿದ್ದನು. ಒಂದು ಮಧ್ಯಾಹ್ನ ಕಾಕಾ ಊಟಕ್ಕೆ ಹೋದ ಸಮಯದಲ್ಲಿ ನಾವಿಬ್ಬರೂ ನೆನೆಸಿದ ಹುರುಳಿಯನ್ನು ತಟ್ಟೆಯಲ್ಲಿರಿಸಿಕೊಂಡು ಲಾಯವನ್ನು ಹೊಕ್ಕೆವು. ತಟ್ಟೆ ಕೈಜಾರಿ ಕಲ್ಲಿನ ಮೇಲೆ ಬಿದ್ದಿತು. ಸದ್ದಿಗೆ ಬೆಚ್ಚಿದ ಕುದುರೆಯು ಪಕ್ಕಕ್ಕೆ ಸರಿಯಿತು. ಅದು ಒದೆಯಲಿಲ್ಲ, ಕಚ್ಚಲಿಲ್ಲ. ಆತನು ಹಿಂದಕ್ಕೆ ನೆಗೆದನು. ಬರಿಗಾಲಿನ ಹಿಮ್ಮಡಿಗೆ ಹಳೆಯ ಲಾಳದ ಮೊಳೆಯೊಂದು ನಾಟಿತು. ಮೊಳೆಯನ್ನು ಕಿತ್ತಾಗ ರಕ್ತವೂ ಹೆಚ್ಚು ಬರಲಿಲ್ಲ. “ಯಾರ ಮುಂದೂ ಹೇಳಬ್ಯಾಡ, ಹೊರಗ ಹಾಕ್ತಾರ” ಎಂದನು. ನಾವು ಹೇಳಲಿಲ್ಲ. ನಮ್ಮ ವಿಭೂತಿಗಟ್ಟಿಯನ್ನೇ ತೇಯ್ದು ಗಾಯಕ್ಕೆ ಹಚ್ಚಿ, ಹಳೆಯ ಧೋತರದ ಚೂರನ್ನು ಕಟ್ಟಿದೆವು. ಮೂರನೆಯ ದಿನ ಆತನು ನೆಟ್ಟಗೆ ನಡೆಯುತ್ತಿದ್ದನು. ಗೆದ್ದೆವೆಂದು ಇಬ್ಬರೂ ಹಿಗ್ಗಿದೆವು.

ಎಂಟನೆಯ ದಿನ ದಾಸೋಹದ ಪಂಕ್ತಿಯಲ್ಲಿ ರೊಟ್ಟಿಯ ತುತ್ತಿಗೆ ಆತನ ಬಾಯಿ ತೆರೆಯಲಿಲ್ಲ. ಹಲ್ಲುನೋವಿರಬೇಕೆಂದು ಹಿರಿಯರು ಭಾವಿಸಿದರು. ಮರುದಿನ ಮೈ ಬಿಲ್ಲಿನಂತೆ ಬಾಗತೊಡಗಿತು. ಜಿಲ್ಲಾ ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಇತ್ತೀಚೆಗೆ ಗಾಯವೇನಾದರೂ ಆಗಿತ್ತೇ ಎಂಬುದು. ಯಾರಿಗೂ ಗೊತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ನಾವು ಆಗ ಬಾಯಿಬಿಟ್ಟೆವು. ಆರನೆಯ ದಿನ ಆತನು ಲಿಂಗೈಕ್ಯನಾದನು.

ಪೂಜ್ಯ ಅಪ್ಪಗಳು ನಮ್ಮನ್ನು ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಮಳಿ ನಟ್ಟದ್ದು ಅವನ ಕಾಲಿಗೆ. ಬಾಯಿ ಕಟ್ಟಿದ್ದು ನಮ್ಮ ಅಂಜಿಕಿ” ಎಂದರು. ಅಂದಿನಿಂದ ಮಠದಲ್ಲಿ ಹೊಸ ಕಟ್ಟಳೆಯಾಯಿತು. ಗಾಯವನ್ನು ತೋರಿಸಲು ಬಂದ ಹುಡುಗನನ್ನು ಆ ದಿನ ಏಕೆ, ಹೇಗೆ ಎಂದು ಯಾರೂ ಕೇಳಕೂಡದು. ಮೊದಲು ಗಾಯಕ್ಕೆ ಉಪಚಾರ, ಬುದ್ಧಿಮಾತು ಮರುದಿನ. ಐವತ್ತು ವರ್ಷಗಳು ಕಳೆದರೂ ಇದಕ್ಕಿಂತ ಉತ್ತಮವಾದ ಕಟ್ಟಳೆಯನ್ನು ನಾವು ಕಂಡಿಲ್ಲ.

ಕುದುರೆಯ ಸ್ವಭಾವವನ್ನರಿಯಬೇಕು

ಕಾಕಾ ಅವರಿಂದ ಅನಂತರ ನಾವು ಕಲಿತ ಮೊದಲ ಪಾಠವೆಂದರೆ, ಕುದುರೆಯು ಕೋಪದಿಂದ ಮಾಡುವುದಕ್ಕಿಂತ ಭಯದಿಂದ ಮಾಡುವುದೇ ಹೆಚ್ಚು ಎಂಬುದು. ಅದು ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಗುರಿಯಾಗಿ ಓಡಿ ಬದುಕಿದ ಪ್ರಾಣಿ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲ ಬಹುಭಾಗ ಅದಕ್ಕೆ ಕಾಣುತ್ತದೆ. ಆದರೆ ನೇರ ಹಿಂದುಗಡೆ ಹಾಗೂ ಮೂಗಿನ ತೀರ ಮುಂದುಗಡೆ ಇರುವುದು ಕಾಣದು. ಆದುದರಿಂದ ಹಿಂದಿನಿಂದ ಹೋಗಬಾರದು. ಮಾತನಾಡಿಸುತ್ತ, ಹೆಗಲಿನ ಪಕ್ಕಕ್ಕೆ ನಿಧಾನವಾಗಿ ಸಾಗಬೇಕು. ಕಿವಿಗಳನ್ನು ಹಿಂದಕ್ಕೆ ಒತ್ತಿ ಚಪ್ಪಟೆ ಮಾಡಿದ್ದರೆ ದೂರ ನಿಲ್ಲಬೇಕು. ತಿನಿಸನ್ನು ಬೆರಳ ತುದಿಯಲ್ಲಿ ಹಿಡಿಯದೆ ಬಿಡಿಸಿದ ಅಂಗೈಯ ಮೇಲಿರಿಸಿ ಕೊಡಬೇಕು.

ಲಾಯದಲ್ಲಿ ಬರಿಗಾಲು ಸಲ್ಲದು. ಚಪ್ಪಲಿಯೂ ಸಾಲದು, ಗಟ್ಟಿ ಬೂಟು ಬೇಕು. ಕುದುರೆಯು ಕಾಲನ್ನು ತುಳಿದರೆ ಕಿರುಚಿ ಕಾಲನ್ನು ಎಳೆದುಕೊಳ್ಳಬಾರದು. ಅದರ ಹೆಗಲನ್ನು ಅತ್ತ ನೂಕಿದರೆ ಭಾರವನ್ನು ಬದಲಿಸಿ ಗೊರಸನ್ನೆತ್ತುತ್ತದೆ. ಹಗ್ಗವನ್ನಾಗಲಿ ಲಗಾಮನ್ನಾಗಲಿ ಎಂದಿಗೂ ಕೈಗೆ ಸುತ್ತಿಕೊಳ್ಳಬಾರದು. ಬೆಚ್ಚಿದ ಕುದುರೆಯ ಎಳೆತಕ್ಕೆ ಬೆರಳು ಮುರಿದೀತು, ಮನುಷ್ಯನೇ ನೆಲದ ಮೇಲೆ ಎಳೆದೊಯ್ಯಲ್ಪಟ್ಟಾನು. ಅಂಕವಣೆಯಲ್ಲಿ ಪಾದದ ಮುಂಭಾಗ ಮಾತ್ರ ಇರಬೇಕು. ಹಿಮ್ಮಡಿಯಿಲ್ಲದ ಚಪ್ಪಲಿ ಧರಿಸಿದವನ ಕಾಲು ಅದರೊಳಗೆ ತೂರಿ ಸಿಕ್ಕಿಕೊಳ್ಳುವ ಅಪಾಯವಿದೆ. ಪಟಾಕಿ, ಬ್ಯಾಂಡಿನ ಸದ್ದಿನ ನಡುವೆ ಕುದುರೆಯೇರುವ ಮದುಮಕ್ಕಳ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸವಾರಿ ಕಲಿಯುವ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯವಾಗಿರಲಿ. ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು.

ಬಿದ್ದೊಡನೆ ಮಾಡಬೇಕಾದದ್ದು

ಬೀಳುವುದು ಖಚಿತವೆನಿಸಿದಾಗ ಲಗಾಮನ್ನು ಬಿಟ್ಟು, ಮೈಯನ್ನು ಮುದುಡಿಕೊಂಡು ಗೊರಸುಗಳಿಂದ ದೂರಕ್ಕೆ ಉರುಳಬೇಕು. ಬಿದ್ದ ಮೇಲೆ ಅವಸರದಿಂದ ಏಳಬಾರದು. ನಾಚಿಕೆಯೇ ನಮ್ಮನ್ನು ಬೇಗ ಎಬ್ಬಿಸುವ ಶತ್ರು. ಸುತ್ತಲಿನವರು ನಗುತ್ತಿದ್ದರೆ ನಗಲಿ. ಕೆಲವು ಉಸಿರುಗಳಷ್ಟು ಹೊತ್ತು ಮಲಗಿದ್ದು, ಕತ್ತಿನಲ್ಲಿ, ಬೆನ್ನಿನಲ್ಲಿ ನೋವಿದೆಯೇ, ಕೈಕಾಲುಗಳ ಬೆರಳುಗಳು ಆಡುತ್ತವೆಯೇ, ಜೋಮು ಹಿಡಿದಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಕತ್ತು, ಬೆನ್ನುಗಳಲ್ಲಿ ನೋವು ಅಥವಾ ಜೋಮು ಇದ್ದರೆ ಬಿದ್ದವರನ್ನು ಎತ್ತಿ ಕೂರಿಸದೆ, ಅಲುಗಿಸದೆ ವೈದ್ಯಕೀಯ ಸಹಾಯವನ್ನು ಕರೆಸಬೇಕು. ಕುದುರೆಯನ್ನು ಇನ್ನೊಬ್ಬರು ಹಿಡಿದುಕೊಳ್ಳಲಿ.

ಬಿದ್ದವನು ಒಡನೆಯೇ ಮತ್ತೆ ಕುದುರೆಯನ್ನೇರಬೇಕು, ಇಲ್ಲವಾದರೆ ಭಯವು ಮನಸ್ಸಿನಲ್ಲಿ ನೆಲೆಯೂರುವುದೆಂಬ ಮಾತು ರಾವುತರಲ್ಲಿ ರೂಢಿಯಲ್ಲಿದೆ. ಅದರಲ್ಲಿ ತಿರುಳಿಲ್ಲದಿಲ್ಲ, ಆದರೆ ತಲೆಗೆ ಪೆಟ್ಟು ಬಿದ್ದಿರುವಾಗ ಅದು ಸಲ್ಲದು. ಹಾಗೆ ಪೆಟ್ಟು ಬಿದ್ದವರು ಆ ದಿನ ಮರಳಿ ಏರಬಾರದು. ಒಂದೆರಡು ದಿನ ಮನೆಯವರ ಕಣ್ಣಳತೆಯಲ್ಲಿರಬೇಕು. ಪ್ರಜ್ಞೆ ತಪ್ಪಿದ್ದರೆ, ವಾಂತಿಯಾದರೆ, ತಲೆನೋವು ಹೆಚ್ಚುತ್ತ ಹೋದರೆ, ತೂಕಡಿಕೆ, ಮಾತಿನ ತೊದಲು, ಕೇಳಿದ್ದನ್ನೇ ಮತ್ತೆಮತ್ತೆ ಕೇಳುವ ಗಲಿಬಿಲಿ ಕಂಡುಬಂದರೆ, ಕಿವಿ ಮೂಗುಗಳಿಂದ ರಕ್ತ ಅಥವಾ ನೀರು ಸೋರಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಉಳುಕು, ಬಾವುಗಳಿಗೆ ನಮ್ಮ ಮನೆಗಳಲ್ಲಿ ಕೂಡಲೇ ಎಣ್ಣೆ ಹಚ್ಚಿ ತಿಕ್ಕುವ ಪದ್ಧತಿಯಿದೆ. ಮೊದಲ ಎರಡು ದಿನ ತಿಕ್ಕುವುದಾಗಲಿ, ಬಿಸಿ ಕಾವು ಕೊಡುವುದಾಗಲಿ ಬಾವನ್ನು ಹೆಚ್ಚಿಸುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇರಿಸುವುದು, ಆ ಅಂಗಕ್ಕೆ ವಿಶ್ರಾಂತಿ ಕೊಡುವುದು, ಅದನ್ನು ದಿಂಬಿನ ಮೇಲೆ ಎತ್ತರದಲ್ಲಿಡುವುದು ಲೇಸು. ಅಂಗವು ಸೊಟ್ಟಗಾಗಿದ್ದರೆ ಅಥವಾ ಅದರ ಮೇಲೆ ಭಾರ ಹಾಕಲಾಗದಿದ್ದರೆ ಎಲುಬು ಮುರಿದಿರಬಹುದೆಂದೇ ತಿಳಿಯಬೇಕು.

ಗಾಯ ಮತ್ತು ಧನುರ್ವಾಯು

ನಮ್ಮ ಸಹಪಾಠಿಯನ್ನು ಕೊಂಡೊಯ್ದ ವ್ಯಾಧಿಗೆ ಧನುರ್ವಾಯು ಎಂದು ಹೆಸರು. ಇದರ ರೋಗಾಣು ಮಣ್ಣಿನಲ್ಲಿಯೂ ಕುದುರೆಯೇ ಮೊದಲಾದ ಪ್ರಾಣಿಗಳ ಲದ್ದಿಯಲ್ಲಿಯೂ ಇರುತ್ತದೆ. ಗಾಳಿಯಾಡದ ಆಳವಾದ ಗಾಯದಲ್ಲಿ ಅದು ಬೆಳೆದು ವಿಷವನ್ನು ಉಂಟುಮಾಡುತ್ತದೆ. ಆದುದರಿಂದ ಹೆಚ್ಚು ರಕ್ತ ಸುರಿಸುವ ದೊಡ್ಡ ಗಾಯಕ್ಕಿಂತ, ಬಾಯಿ ಮುಚ್ಚಿಕೊಂಡ ಸಣ್ಣ ಚುಚ್ಚುಗಾಯವೇ ಕೆಲವೊಮ್ಮೆ ಹೆಚ್ಚು ಭಯಂಕರ. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ಲಕ್ಷಣಗಳು ತೋರುತ್ತವೆ. ಅಷ್ಟರಲ್ಲಿ ಗಾಯವೇ ಮರೆತುಹೋಗಿರುತ್ತದೆ.

ಗಾಯವನ್ನು ಹರಿಯುವ ಶುದ್ಧ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆಯಬೇಕು. ಕುದುರೆಯು ಕಚ್ಚಿ ಚರ್ಮ ಹರಿದಿದ್ದರೆ 15 ನಿಮಿಷ ತೊಳೆದು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಹುಚ್ಚುನಾಯಿಯ ರೋಗವು ಕುದುರೆಗೂ ತಗಲಬಲ್ಲದು. ಕಾಫಿಪುಡಿ, ಸಗಣಿ, ಬೂದಿ ಇವಾವುದನ್ನೂ ಗಾಯಕ್ಕೆ ಮೆತ್ತಬಾರದು. ಇಲ್ಲಿ ನಾವು ವಿಭೂತಿಯ ಮಾತನ್ನೂ ಹೇಳಲೇಬೇಕಾಗಿದೆ. ಅಷ್ಟಾವರಣಗಳಲ್ಲಿ ಒಂದಾದ ವಿಭೂತಿಯ ಸ್ಥಾನ ಹಣೆ ಮೊದಲಾದ ಅಂಗಗಳೇ ಹೊರತು ತೆರೆದ ಗಾಯವಲ್ಲ. ನಾವು ಅಂದು ಭಕ್ತಿಯಿಂದ ಹಚ್ಚಲಿಲ್ಲ, ಮುಚ್ಚಿಡಲು ಹಚ್ಚಿದೆವು. ಆ ಪಶ್ಚಾತ್ತಾಪ ನಮ್ಮನ್ನು ಬಿಟ್ಟಿಲ್ಲ.

ಅಂದು ಲಸಿಕೆಯು ಹಳ್ಳಿಯ ಮಕ್ಕಳನ್ನು ತಲುಪಿರಲಿಲ್ಲ; ನಮ್ಮ ದೇಶದಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮ ಆರಂಭವಾದದ್ದು 1978ರಲ್ಲಿ. ಇಂದು ಶಿಶುಗಳಿಗೆ ಮಾತ್ರವಲ್ಲದೆ 10 ಮತ್ತು 16 ವರ್ಷದ ಮಕ್ಕಳಿಗೂ ಸರ್ಕಾರಿ ಲಸಿಕೆ ಉಚಿತವಾಗಿ ದೊರೆಯುತ್ತದೆ. ದೊಡ್ಡವರು ಹತ್ತು ವರ್ಷಗಳಿಗೊಮ್ಮೆ ಹಾಕಿಸಿಕೊಳ್ಳುವುದು ಒಳಿತು. ಮಣ್ಣು ಲದ್ದಿ ತಗುಲಿದ ಗಾಯವಾಗಿದ್ದು, ಹಿಂದಿನ ಲಸಿಕೆಗೆ ಐದು ವರ್ಷ ಮೀರಿದ್ದರೆ ಮತ್ತೆ ಬೇಕಾಗುತ್ತದೆ. ಕುದುರೆಗೂ ಈ ರೋಗ ಬಹು ಬೇಗ ತಗಲುವುದರಿಂದ ಅದಕ್ಕೂ ಲಸಿಕೆ ಹಾಕಿಸುವುದು ಒಡೆಯನ ಧರ್ಮ.

ಇನ್ನೊಂದು ಸಂಗತಿಯಿದೆ. ಈ ರೋಗದ ವಿಷವನ್ನು ತಡೆಯುವ ಪ್ರತಿವಿಷವನ್ನು 1890ರಲ್ಲಿ ಬೆಹ್ರಿಂಗ್ ಮತ್ತು ಕಿತಾಸಾತೊ ಎಂಬ ವಿಜ್ಞಾನಿಗಳು ಕಂಡುಹಿಡಿದ ಮೇಲೆ, ಬಹುಕಾಲ ಅದನ್ನು ಕುದುರೆಗಳ ರಕ್ತದಿಂದಲೇ ಪಡೆಯಲಾಯಿತು. ಹಾವಿನ ವಿಷಕ್ಕೆ ನಮ್ಮ ದೇಶದಲ್ಲಿ ಕೊಡುವ ಔಷಧಿಯೂ ಕುದುರೆಯ ರಕ್ತದಿಂದ ಬಂದದ್ದೇ. ಹೀಗಿರುವಾಗ ಕುದುರೆಯನ್ನು ದೂಷಿಸುವುದು ಹೇಗೆ? ಸವಾರನು ಬಿದ್ದಾಗ ಕುದುರೆಗೆ ಚಾಟಿಯಿಂದ ಬಾರಿಸುವವರನ್ನು ನಾವು ಕಂಡಿದ್ದೇವೆ. ಗೊರಸಿನಲ್ಲಿ ಕಲ್ಲು ಸಿಕ್ಕಿದೆಯೇ, ಜೀನಿನ ಅಡಿಯಲ್ಲಿ ಹುಣ್ಣಾಗಿದೆಯೇ, ಕಡಿವಾಣವು ಬಾಯನ್ನು ಕೊಯ್ಯುತ್ತಿದೆಯೇ ಎಂದು ಮೊದಲು ನೋಡಬೇಕು. ಅದೂ ತನ್ನ ನೋವನ್ನು ಹೇಳಲಾರದ ಜೀವವೇ ಆಗಿದೆ. ಸಕಲ ಜೀವಿಗಳಲ್ಲಿ ದಯೆಯನ್ನು ಬೋಧಿಸಿದ ಶರಣರ ಮಕ್ಕಳು ನಾವು.

ಮನೆಯ ಹಿರಿಯರಲ್ಲಿ ಬಿನ್ನಹ

ತಾಯಂದಿರೇ, ತಂದೆಯರೇ, ಮಗುವು ಕುದುರೆಯಿಂದ ಬಿದ್ದು ಬಂದಿತೆನ್ನಿ. ಸೈಕಲ್ಲಿನಿಂದ, ಮರದಿಂದ ಬಿದ್ದು ಬಂದರೂ ಅಷ್ಟೇ. ನಿಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದು? ‘ಅಲ್ಲಿಗೇಕೆ ಹೋದೆ’ ಎಂಬುದೇ, ‘ಎಲ್ಲಿ ಪೆಟ್ಟಾಯಿತು ತೋರಿಸು’ ಎಂಬುದೇ? ಮೊದಲನೆಯದನ್ನು ಕೇಳಿಸಿಕೊಂಡ ಮಗು ಮುಂದಿನ ಸಲ ಬಿದ್ದಾಗ ಮನೆಯ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ. ಶಿಸ್ತು ಬೇಡವೆಂದು ನಾವು ಹೇಳುತ್ತಿಲ್ಲ. ಅದು ಒಂದು ದಿನ ತಡವಾಗಿ ಬಂದರೂ ಕೆಡುವುದಿಲ್ಲ. ಉಪಚಾರ ತಡವಾದರೆ ಕೆಡುತ್ತದೆ.

ನಮ್ಮ ಮಠದ ಆ ಕುದುರೆಯು ಅನಂತರ ಹಲವು ವರ್ಷ ಬದುಕಿತ್ತು. ಕಾಕಾ ನಮಗೆ ಸವಾರಿಯನ್ನು ಕಲಿಸಿದರು. ನಾವು ಮೂರು ಸಲ ಬಿದ್ದೆವು. ಮೂರು ಸಲವೂ ಮೈಯ ಧೂಳನ್ನು ಕೊಡವಿಕೊಳ್ಳುವ ಮೊದಲೇ ಅಪ್ಪಗಳ ಮುಂದೆ ಹೋಗಿ ನಿಂತು, ಬಿದ್ದೆವೆಂದು ಹೇಳಿದೆವು. ಅವರು ಒಮ್ಮೆಯೂ ಏಕೆಂದು ಕೇಳಲಿಲ್ಲ.