ಲಿಂಕಿನ ಬಾಲದಲ್ಲಿ ಕೂತ ದಲಾಲ

ರಂಜಾನ್ ಮಧ್ಯದಲ್ಲಿ ನಮ್ಮ ಮನೆಯ ಮಿಕ್ಸರ್ ಸುಟ್ಟುಹೋಯಿತು. ಅಮ್ಮಿ ಹೊಸದನ್ನು ಹುಡುಕುತ್ತಿದ್ದಾಗ, ಖಾಲಾ ಅವರ ಮಗ ನಮ್ಮ ಖಾನ್‌ದಾನಿನ ವಾಟ್ಸಾಪ್ ಗ್ರೂಪಿಗೆ ಒಂದು ಲಿಂಕ್ ಹಾಕಿದ. ನನಗಿಂತ ನಾಲ್ಕು ವರ್ಷ ದೊಡ್ಡವನು, ನಾವೆಲ್ಲ ಭಾಯಿ ಅನ್ನುತ್ತೇವೆ. "ಇದೇ ಬೆಸ್ಟ್, ಇವತ್ತೇ ತಗೊಳ್ಳಿ" ಎಂದು ಬರೆದಿದ್ದ. ಅಮ್ಮಿ ತಗೊಂಡರು. ಮಿಕ್ಸರ್ ಚೆನ್ನಾಗಿಯೇ ಇದೆ. ಆದರೆ ಆ ಲಿಂಕಿನಿಂದ ಭಾಯಿಗೆ ಕಮಿಷನ್ ಬರುತ್ತದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದಕ್ಕೆ ಅಫಿಲಿಯೇಟ್ ಲಿಂಕ್ ಎನ್ನುತ್ತಾರೆ. ಅಮೆಜಾನ್ ಇದನ್ನು 1996ರಲ್ಲೇ ಶುರು ಮಾಡಿತು. ನಾನು ಹುಟ್ಟುವ ಮುಂಚಿನ ವ್ಯಾಪಾರ!

ಗುರುತಿಸುವುದು ಹೇಗೆ? ಲಿಂಕನ್ನು ಒತ್ತಿ ಹಿಡಿದು ಕಾಪಿ ಮಾಡಿ, ಬ್ರೌಸರಿನಲ್ಲಿ ಪೇಸ್ಟ್ ಮಾಡಿ ತೆರೆಯಿರಿ. ಚಿಕ್ಕ ಲಿಂಕ್ ಆಗಿದ್ದರೆ ಪುಟ ತೆರೆದ ಮೇಲೆ ಪೂರ್ತಿ ವಿಳಾಸ ಕಾಣುತ್ತದೆ. ಅಮೆಜಾನಿನ ವಿಳಾಸದಲ್ಲಿ 'ಡಿಪಿ' ಎಂಬ ಎರಡು ಅಕ್ಷರದ ನಂತರ ಹತ್ತು ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಅದು ವಸ್ತುವಿನ ನಂಬರು. ಅದರಾಚೆ ಪ್ರಶ್ನೆ ಚಿಹ್ನೆ ಬಂದು, 'ಟ್ಯಾಗ್' ಎಂಬ ಪದ, ಸಮ ಚಿಹ್ನೆ, ಆಮೇಲೆ 21ರಲ್ಲಿ ಮುಗಿಯುವ ಯಾವುದೋ ಹೆಸರು ಇದ್ದರೆ, ಅದೇ ದಲಾಲನ ಹೆಸರು. ಫ್ಲಿಪ್‌ಕಾರ್ಟಿನಲ್ಲಾದರೆ 'ಅಫ್ ಐಡಿ' ಎಂಬ ಪದ ಹುಡುಕಿ. 'ರೆಫ್' ಎಂದು ಕಂಡರೆ ಗಾಬರಿಯಾಗಬೇಡಿ, ಅದು ಸೈಟಿನ ಒಳಲೆಕ್ಕ. ವಸ್ತುವಿನ ನಂಬರಿನ ನಂತರದ ಬಾಲವನ್ನೆಲ್ಲ ಅಳಿಸಿದರೂ ಪುಟ ತೆರೆಯುತ್ತದೆ.

ಬಾಲ ಇದ್ದರೆ ನಮಗೆ ಬೆಲೆ ಹೆಚ್ಚಾಗುವುದಿಲ್ಲ. ಕಮಿಷನ್ ಕೊಡುವುದು ಕಂಪನಿ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಅದು ಕಂಪನಿಯ ಲಾಭ-ನಷ್ಟ ಖಾತೆಯಲ್ಲಿ ಡೆಬಿಟ್ ಆಗುವ ಮಾರಾಟ ವೆಚ್ಚ. ಸಾಮಾನ್ಯವಾಗಿ ಲಿಂಕ್ ಒತ್ತಿದ 24 ಗಂಟೆಯೊಳಗೆ ಕೊಂಡದ್ದು ಲೆಕ್ಕಕ್ಕೆ ಬರುತ್ತದೆ, ಬೇರೆ ವಸ್ತು ಕೊಂಡರೂ ಸಹ. "ಇವತ್ತೇ ತಗೊಳ್ಳಿ" ಎಂಬ ಅವಸರ ಏಕೆಂದು ನನಗೆ ಆಗ ಅರ್ಥವಾಯಿತು.

ಮಾಡುವುದೂ ಸುಲಭ. ಅಸೋಸಿಯೇಟ್ಸ್ ಖಾತೆ ತೆರೆದು, ಲಿಂಕ್ ಹಾಕುವ ನಿಮ್ಮ ವೆಬ್‌ಸೈಟ್ ಅಥವಾ ಚಾನೆಲ್ ಯಾವುದೆಂದು ತಿಳಿಸಬೇಕು. ನಂತರ ಕಂಪ್ಯೂಟರಿನಲ್ಲಿ ವಸ್ತುವಿನ ಪುಟದ ಮೇಲ್ಭಾಗದಲ್ಲಿ ಸೈಟ್‌ಸ್ಟ್ರೈಪ್ ಎಂಬ ಪಟ್ಟಿ ಕಾಣುತ್ತದೆ. ಅಲ್ಲಿ ಒತ್ತಿದರೆ ನಿಮ್ಮ ಟ್ಯಾಗ್ ಸೇರಿದ ಲಿಂಕ್ ಸಿದ್ಧ. ಆದರೆ ನನ್ನಂತಹ ಹದಿನೇಳರವರು ಸ್ವಂತ ಖಾತೆಗೆ ಕಾಯಬೇಕು. ಭಾರತೀಯ ಒಪ್ಪಂದ ಕಾಯ್ದೆ 1872ರ 11ನೇ ಕಲಮಿನ ಪ್ರಕಾರ ಅಪ್ರಾಪ್ತರು ಒಪ್ಪಂದ ಮಾಡಿಕೊಳ್ಳಲು ಅರ್ಹರಲ್ಲ.

ನಾನು ಇದನ್ನೆಲ್ಲ ಅಬ್ಬಾಗೆ ಹೇಳಿದೆ. ಅವರು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ದಲಾಲಿ ಎಂದರೆ ಅವರಿಗೆ ಅನ್ನ. ಬೈಯುತ್ತಾರೇನೋ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ಬಿಲ್ಲಿನಲ್ಲಿ ಎಲ್ಲಿ ಬರೆದಿದೆ, ಬೇಟಾ?" ಅವರ ಅಂಗಡಿಯಲ್ಲಿ ದಲಾಲಿ ಎಷ್ಟು ಎಂದು ಬೇರೆ ಸಾಲಿನಲ್ಲೇ ಬರೆಯುತ್ತಾರೆ.

ಭಾಯಿ ಬರೆದಿರಲಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಲಾಭ ಪಡೆದು ಶಿಫಾರಸು ಮಾಡುವವರು ಅದನ್ನು ಸ್ಪಷ್ಟವಾಗಿ, ಶಿಫಾರಸಿನ ಭಾಷೆಯಲ್ಲೇ ಹೇಳಬೇಕು. ಇನ್ನೊಂದು ವಿಷಯ ಅವನಿಗೂ ಗೊತ್ತಿರಲಿಲ್ಲ. ಸ್ವಂತ ಲಿಂಕಿನಿಂದ ತಾನೇ ಕೊಳ್ಳುವುದು, ಗೆಳೆಯರಿಗೆ, ನೆಂಟರಿಗೆ ಕೊಳ್ಳಲು ಹೇಳುವುದು ಅಮೆಜಾನ್ ನಿಯಮದಲ್ಲೇ ನಿಷಿದ್ಧ. ಅಂದರೆ ನಮ್ಮ ಖಾನ್‌ದಾನ್ ಗ್ರೂಪ್ ಅವನಿಗೆ ಪೂರ್ತಿ ತಪ್ಪಾದ ಬಜಾರು.

ಹೇಳಿದಾಗ ಭಾಯಿಗೆ ಸಿಟ್ಟು ಬಂತು. ಎರಡು ದಿನ ನನ್ನ ಮೆಸೇಜಿಗೆ ಉತ್ತರವಿಲ್ಲ. ಮೂರನೇ ದಿನ ಗ್ರೂಪಿನಲ್ಲಿ ತಾನೇ ಎಲ್ಲ ಹೇಳಿದ. ಖಾಲಾ ನಕ್ಕು, "ನಮ್ಮ ಹುಡುಗನಿಗೇ ಸಿಕ್ಕಿತಲ್ಲ, ಮೊದಲೇ ಹೇಳಬಾರದಿತ್ತಾ?" ಎಂದರು. ಈಗ ಅವನು ಗ್ರೂಪಿಗೆ ಲಿಂಕ್ ಹಾಕುವುದಿಲ್ಲ. ತನ್ನ ಚಾನೆಲ್ಲಿನಲ್ಲಿ, ವಿಡಿಯೋ ಕೆಳಗೆ ಮೊದಲ ಸಾಲಿನಲ್ಲೇ ಕಮಿಷನ್ ವಿಷಯ ಬರೆಯುತ್ತಾನೆ.

ಅಮ್ಮಿ ಮಾತ್ರ ಯಾವ ಲಿಂಕ್ ಬಂದರೂ ಮೊದಲು ಫೋನನ್ನು ನನ್ನ ಕೈಗೆ ಕೊಡುತ್ತಾರೆ. ಹೋದ ವಾರ ಬಂದ ಕುಕ್ಕರ್ ಲಿಂಕಿನಲ್ಲೂ ಬಾಲ ಇತ್ತು. ಕಳಿಸಿದ್ದು ಪಕ್ಕದ ಮನೆಯ ಆಂಟಿ. ಯಾರೋ ಕಳಿಸಿದ್ದನ್ನು ಫಾರ್ವರ್ಡ್ ಮಾಡಿದ್ದರಂತೆ, ಪಾಪ, ಅವರಿಗೇ ಗೊತ್ತಿರಲಿಲ್ಲ.